ಹಿಂದಿನ ಸಾಲಿನ ಪೀಪಾಯಿಗಳು

ಚಿರಂಜೀವಿ ತಮ್ಮನಿಗೆ, ಅಕ್ಕ ಹೆದರುತ್ತಲೇ ಮಾಡುವ ಆಶೀರ್ವಾದ.

ಬೋನಸ್ಸಿನ ಬದಲು ಬಣ್ಣದ ಕಾರ್ಖಾನೆಯವರು ನನಗೆ ಷೇರು ಕೊಟ್ಟಿದ್ದರಲ್ಲ, ಅದರ ವಾರ್ಷಿಕ ವರದಿ ಬಂತು. ಪ್ರತಿ ವರ್ಷ ಕಪಾಟಿಗೆ ಹಾಸುತ್ತಿದ್ದೆ. ಈ ಸಲ ಮಗಳಿಂದ ಓದಿಸಿದೆ.

"ಲಾಭ ಅಂದ್ರೆ ಕೈಗೆ ಬಂದ ದುಡ್ಡಲ್ಲಮ್ಮ. ಮಾರದೆ ಉಳಿದ ಮಾಲನ್ನೂ ಆಸ್ತಿ ಅಂತಲೇ ಬರೀತಾರೆ, ಅದೇ ದಾಸ್ತಾನು" ಎಂದಳು. ಆ ದಾಸ್ತಾನು ಹೋದ ವರ್ಷಕ್ಕಿಂತ ಎರಡು ಪಟ್ಟಾಗಿದೆಯಂತೆ. ಪೀಪಾಯಿಗಳನ್ನು ತಟ್ಟಿ, ಎಣಿಸಿ ಸಹಿ ಹಾಕುವವನು ಉಗ್ರಾಣ ನೋಡಿಕೊಳ್ಳುವ ನೀನೇ ಅಲ್ಲವೇ?

ಮಂಗಳವಾರ ಉಗ್ರಾಣಕ್ಕೆ ನಿನ್ನ ಊಟದ ಡಬ್ಬಿ ತಂದಾಗ ನೀನಿರಲಿಲ್ಲ. ಕೈ ಸುಮ್ಮನಿರಲಾರದೆ, ಅಲ್ಲಿ ಕೆಲಸಕ್ಕಿದ್ದಾಗಿನಂತೆ ಪೀಪಾಯಿಗಳನ್ನು ತಟ್ಟುತ್ತಾ ಹೋದೆ. ಮುಂದಿನ ಸಾಲಿನಲ್ಲಿ ತುಂಬಿದ ಪೀಪಾಯಿಯ ಮಂದ ಸದ್ದು. ಹಿಂದಿನ ಸಾಲುಗಳೆಲ್ಲ ಖಾಲಿ ಬಿಂದಿಗೆಯಂತೆ ಠಣ್ ಎಂದವು. ಡಬ್ಬಿಯನ್ನು ಬಾಗಿಲಲ್ಲೇ ಇಟ್ಟು ಓಡಿಬಂದೆ.

ಷೇರು ಹಾಳಾಗಿ ಹೋಗಲಿ. ಫೋನಿನಲ್ಲಿ ಕೇಳೋಣವೆಂದರೆ ನಿನ್ನ ಪಕ್ಕದಲ್ಲಿ ಯಾರಿರುತ್ತಾರೋ ಎಂಬ ಭಯ. ಸೋಮವಾರ ಷೇರುದಾರರ ಸಭೆ. ಅಷ್ಟರೊಳಗೆ ಮನೆಗೆ ಬಾ, ಡಬ್ಬಿಯನ್ನೂ ತಾ. ಈ ಕಾಗದವನ್ನು ಹರಿದುಹಾಕು.

ಬಂದು, "ಮುಂದಿನ ಸಾಲನ್ನಷ್ಟೇ ತಟ್ಟಿ ಸಹಿ ಹಾಕಿದೆ, ಹಿಂದಕ್ಕೆ ಹೋಗಲೇ ಇಲ್ಲ" ಎಂದು ಹೇಳು. ನಂಬುತ್ತೇನೆ.

ನಿನ್ನ ದಾರಿ ಕಾಯುತ್ತಿರುವ,
ಅಕ್ಕ