ರಿಪೇರಿಯ ದೀರ್ಘ

ಮಾರ್ಚ್ ೧೪
(ಸೋಮವಾರ ಶುರು ಮಾಡಿದ್ದು, ಗುರುವಾರ ಮುಗಿಸಿದ್ದು)

ನನ್ನ ಮುದ್ದು ದೀರ್ಘಾ,

ನಾವಿಬ್ಬರೂ ಗಟ್ಟಿಯಾಗಿದ್ದೇವೆ. ನೀನೂ ನಿನ್ನ ಸೈಕಲ್ಲುಗಳೂ ಹಾಗೇ ಇದ್ದೀರೆಂದುಕೊಂಡಿದ್ದೇನೆ. ಪತ್ರ ತಡವಾಯಿತು, ಬೈದುಕೋ. ನಿನ್ನ ಸೈಕಲ್ ಅಂಗಡಿ ತೆರೆಯಲು ಇನ್ನು ಹತ್ತೇ ದಿನ ಎಂದು ಗೊತ್ತು. ಮೂರು ಸಲ ಫೋನಿನಲ್ಲಿ "ಅಪ್ಪಾಆಆ, ನನ್ನ ಬೋರ್ಡೂಊ?" ಎಂದು ರಾಗ ಎಳೆದೆ. ಹೀಗೆ ಎಳೆಯುತ್ತೀಯೆಂದೇ ಚಿಕ್ಕಂದಿನಲ್ಲಿ ನಿನಗೆ ದೀರ್ಘ ಅಂತ ಅಡ್ಡಹೆಸರಿಟ್ಟದ್ದು. ಮೂರು ಸಲವೂ "ಬಣ್ಣ ಒಣಗ್ತಿದೆ ಕಣೇ" ಅಂದೆ. ಆ ವಿಷಯ ಆಮೇಲೆ. ಮೊದಲು ಮಜಾ ಸುದ್ದಿ.

ನೀನು ಡ್ರಾಯರಿನಲ್ಲಿ ಬಿಟ್ಟುಹೋದ ಅಗ್ಗದ ವೆಬ್‌ಕ್ಯಾಮು, ಆ ಕಪ್ಪೆಮುಖದ್ದು, ಈಗ ನನ್ನ ಶಿಷ್ಯ. ಕಂಪ್ಯೂಟರಿನಲ್ಲಿ ತಡಕಾಡಿ ನಾನೇ ಕಲಿತೆ. ಅದಕ್ಕೆ ಬಹಳ ಹೊತ್ತು ಕಣ್ಣು ತೆರೆದಿಡಲು ಬರುವುದಿಲ್ಲ, ಪಿಳಿಪಿಳಿ ಅನ್ನುತ್ತದೆ ಅಷ್ಟೇ. ಆದರೆ ಅಂಥ ಇನ್ನೂರು ಪಿಳಿಪಿಳಿಯನ್ನು ಒಂದರ ಮೇಲೊಂದು ಪೇರಿಸಿ, ಎಲ್ಲೆಲ್ಲಿ ಬೆಳಕು ಬಿದ್ದಿತ್ತೋ ಅದನ್ನಷ್ಟೇ ಉಳಿಸಿಕೋ ಎಂದರೆ, ಒಂದೇ ಉದ್ದನೆಯ ನೋಟವಾಗುತ್ತದೆ. ಕತ್ತಲ ಕೋಣೆಯಲ್ಲಿ ಸಣ್ಣ ಟಾರ್ಚು ಹಿಡಿದು ಗಾಳಿಯಲ್ಲಿ ಬರೆದರೆ ಅಕ್ಷರ ಹಾಗೇ ನಿಂತುಬಿಡುತ್ತದೆ! ನಲವತ್ತು ವರ್ಷ ಏಣಿ ಹತ್ತಿ ಬೋರ್ಡು ಬರೆದವನ ಭಾಗ್ಯ ನೋಡು.

ಒಂದು ಮಧ್ಯಾಹ್ನ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿದೆ. ನಿಮ್ಮಮ್ಮ ಬಾಗಿಲು ತಳ್ಳಿ, "ಹಗಲಲ್ಲೇ ಕತ್ತಲು ಮಾಡ್ಕೊಂಡು ಯಾರ್ ಜೊತೆ ಕಣ್ಣಾಮುಚ್ಚಾಲೆ?" ಅಂದಳು. ಹೊರಗಿನ ಬೆಳಕು ನುಗ್ಗಿ ಚಿತ್ರ ಹಾಳು. ಎರಡನೆಯ ಸಲ "ಸೈಕಲ್ ರಿಪೇರಿ" ಬಂತು, ಆದರೆ ಉಲ್ಟಾ. ಕ್ಯಾಮೆರಾಗೆ ಮುಖಮಾಡಿ ಬರೆದಿದ್ದೆನಲ್ಲ! "ಹಿಂದಕ್ಕೆ ತುಳಿಯೋರಿಗೆ ಸರಿಹೋಗತ್ತೆ ಬಿಡಿ," ಅಂದಳು.

ಅದನ್ನು ತಿರುಗಿಸಿ ದೊಡ್ಡದು ಮಾಡಿ ನೋಡಿದರೆ ಗೆರೆಯೆಲ್ಲ ಗರಗಸದ ಹಲ್ಲು. ಕ್ಯಾಮೆರಾ ಅಲುಗಿದೆ ಅಂದುಕೊಂಡೆ. ಇಟ್ಟಿಗೆಗೆ ಕಟ್ಟಿದೆ. ಫ್ಯಾನು ನಿಲ್ಲಿಸಿದೆ. "ಪುಣ್ಯಾತ್ಗಿತ್ತಿ, ಓಡಾಡ್ಬೇಡ, ನೆಲ ಅದುರತ್ತೆ," ಎಂದು ನಿಮ್ಮಮ್ಮನನ್ನು ಮಂಚದ ಮೇಲೆ ಕೂರಿಸಿದೆ.

"ನಾನೇನು ರೋಡ್ ರೋಲರಾ?" ಎಂದಳು. ಆದರೂ ಕೂತಳು.

ಮತ್ತೂ ಗರಗಸವೇ. "ಥೂ, ಅಗ್ಗದ ಮಾಲು!" ಎಂದೆ. ಅವಳು ಎದ್ದುಬಂದು ಚಿತ್ರದ ಮೂಲೆಗೆ ಬೆರಳಿಟ್ಟಳು. ಅಲ್ಲಿ ಸ್ವಿಚ್‌ಬೋರ್ಡಿನ ಕೆಂಪು ದೀಪ ಸೂಜಿಮೊನೆಯಂತೆ ಕೂತಿತ್ತು, ಚೂರೂ ಕದಲದೆ.

"ಕ್ಯಾಮೆರಾ ಅಲುಗಿದ್ರೆ ಇದೂ ಅಲುಗ್ಬೇಕಿತ್ತಲ್ವೇನ್ರೀ," ಅಂದಳು ಮೆಲ್ಲಗೆ.

ನಾನು ಟಾರ್ಚು ಹಿಡಿದಿದ್ದ ಕೈಯನ್ನು ನೋಡಿಕೊಂಡೆ. ಅವಳು ಹೋಗಿ ಟೀ ತಂದಳು, ಅರ್ಧ ಲೋಟ. ಆರು ತಿಂಗಳಿಂದ ಅರ್ಧವೇ ಕೊಡುತ್ತಾಳೆ, ನಾನು ದಿನವೂ "ಜಿಪುಣಿ" ಎಂದು ರೇಗಿಸುತ್ತೇನೆ. ನನ್ನ ಕೈಯಿಂದ ಚೆಲ್ಲದಿರಲಿ ಅಂತ ಅರ್ಧ ಎಂದು ಆವತ್ತು ಹೊಳೆಯಿತು. ಸುಮ್ಮನೆ ಜಿಪುಣಿ ಅನ್ನಿಸಿಕೊಂಡಿದ್ದಳಲ್ಲೇ!

ಗಾಬರಿಯಾಗಬೇಡ. ಡಾಕ್ಟರಿಗೆ ತೋರಿಸಿದ್ದಾಯಿತು. ನಡುಕ ಹೋಗುವುದಿಲ್ಲವಂತೆ, ಪ್ರಾಣಕ್ಕೇನೂ ಇಲ್ಲವಂತೆ. ಹೊಟ್ಟೆ ತುಂಬ ಉಣ್ಣುತ್ತೇನೆ, ಜಗಳವೂ ಆಡುತ್ತೇನೆ. ಬೆಳಕಿನ ಚಿತ್ರವನ್ನು ಇದರ ಜೊತೆಗಿಟ್ಟಿದ್ದೇನೆ. ನಿನ್ನ ಉಗುರಿನ ಸಂದಿಯ ಗ್ರೀಸು ಎಂದೂ ಒಣಗದಿರಲಿ. ಇದು ನಿಮ್ಮಮ್ಮನ ಹರಕೆಯೂ ಹೌದು.

ನಿನ್ನ
ಅಪ್ಪ

ಮರೆತದ್ದಲ್ಲ, ಹೇಳಲಾಗದೆ ಉಳಿದದ್ದು: ಬಣ್ಣ ಒಣಗುತ್ತಿದೆ ಎಂದದ್ದು ಸುಳ್ಳು. ಮೂರು ಸಲ ಬರೆದು ಮೂರು ಸಲ ಕೆರೆದು ತೆಗೆದೆ. ಮೊದಲ ಸಲ ಕುಂಚದ ತಪ್ಪೆಂದೆ, ಆಮೇಲೆ ಬಣ್ಣದ್ದು, ಆಮೇಲೆ ಹಲಗೆಯದ್ದು. ಆ ಮೂರೂ ಇಲ್ಲದೆ ಬರೆದು ನೋಡೋಣವೆಂದೇ ವೆಬ್‌ಕ್ಯಾಮು ಹಿಡಿದದ್ದು. ಊರಿಗೆಲ್ಲ ಬರೆದವನು ಮಗಳದ್ದನ್ನು ಬರೆಯಲಾರೆ ಎಂದು ಯಾವ ಬಾಯಲ್ಲಿ ಹೇಳಲಿ? ನಾಲ್ಕನೆಯ ಸಲ ಹಲಗೆಗೆ ಅಡ್ಡ ಹಿಡಿದ ಕೋಲಿಗೆ ಮಣಿಕಟ್ಟು ಊರಿಕೊಂಡು ಒಂದೊಂದೇ ಸುತ್ತು ಬರೆದೆ. ತಲೆಕಟ್ಟು ಒಂಚೂರು ಕುಡಿದಂತಿದೆ. ನಾಳೆ ಪಾರ್ಸಲ್ ಹೊರಡುತ್ತದೆ. ಬಿಚ್ಚಿದಾಗ ನಗಬೇಡ, ಅದರಲ್ಲಿ "ಸೈಕಲ್ ರಿಪೆರಿ" ಎಂದಿರುತ್ತದೆ. ದೀರ್ಘವನ್ನು ಕೋಲಿಗೆ ಒರಗಿ ಬರೆಯಲಾಗದು, ಒಂದೇ ಉಸಿರಿಗೆ ಎಳೆಯಬೇಕು. ಅದಕ್ಕೆ ಜಾಗ ಬಿಟ್ಟು, ಸಣ್ಣ ಕುಂಚವನ್ನೂ ಜೊತೆಗೆ ಕಟ್ಟಿದ್ದೇನೆ. ನೀನು ಎಳೆ, ದೀರ್ಘಾ.