ಅಮ್ಮನಿಗೆ ಮಾಡಿದ ಫೋನು

ಗುರುವಾರ, ಫೆಬ್ರವರಿ ೧೩

ಆ ಫೋನು ತಲೆಯಿಂದ ಹೋಗುತ್ತಲೇ ಇಲ್ಲ. ನಾನು ಇಂಗ್ಲಿಷ್ ಕಲಿಸುವ ಈ ಬಂಧನಕೇಂದ್ರದ ಹುಡುಗರು ಮನೆಯವರ ಜೊತೆ ಇಂಗ್ಲಿಷಿನಲ್ಲೇ ಮಾತಾಡಬೇಕು, ಕಾವಲಿನವನಿಗೆ ಅರ್ಥವಾಗಬೇಕಲ್ಲ! ಹಾಳು ನಿಯಮ. ಅದಕ್ಕೆಂದೇ ನನ್ನ ತರಗತಿಯ ಗುಂಗುರುಕೂದಲಿನವನು ಚಳಿಗಾಲವಿಡೀ ಹಟ ಹಿಡಿದು ಇಂಗ್ಲಿಷ್ ಕಲಿತ. ಇವತ್ತು ಮಾತಾಡಿದ: ಅಮ್ಮಾ, ಚೆನ್ನಾಗಿದೀನಿ, ಹೊಟ್ಟೆತುಂಬ ತಿಂತಿದೀನಿ, ಅಳ್ಬೇಡ. ಎಲ್ಲವೂ ಇಂಗ್ಲಿಷಿನಲ್ಲಿ. ಆ ತಾಯಿಗೋ ಇಂಗ್ಲಿಷಿನ ಗಂಧಗಾಳಿಯಿಲ್ಲ.

"ಏನಂದ್ರು ನಿಮ್ಮಮ್ಮ?" ಎಂದೆ.

"ಯಾರಪ್ಪಾ ನೀನು, ನನ್ನ ಮಗನ ಕೈಗೆ ಫೋನ್ ಕೊಡು ಅಂದ್ಲು, ಟೀಚರ್."

ಕಾವಲಿನವನು, "ಪರವಾಗಿಲ್ಲ ಮೇಡಂ, ಚೆನ್ನಾಗೇ ತಯಾರು ಮಾಡಿದೀರ," ಎಂದು ಹಲ್ಲುಕಿರಿದ. ಮೈಯೆಲ್ಲ ಉರಿದುಹೋಯಿತು. ಹುಡುಗನನ್ನು ಕರೆದುಕೊಂಡು ಅಲ್ಲಿಂದ ಹೊರಟೆ.

ತರಗತಿಯ ಬಾಗಿಲಲ್ಲಿ ಹುಡುಗ ಮೆಲ್ಲಗೆ ಕೇಳಿದ: "ನಾನು ಎಲ್ಲಿ ತಪ್ಪು ಮಾಡ್ದೆ ಟೀಚರ್?"

ಒಂದಕ್ಷರವೂ ತಪ್ಪಿರಲಿಲ್ಲ.