ರೊಟ್ಟಿ ಬಡಿಯುವವಳ ಜ್ವರ

ಅಪ್ಪಾಜಿ,

ಅಮ್ಮನ ಗರ್ಭಕೋಶದ ಆಪರೇಷನ್ ಹೊಲಿಗೆಯಲ್ಲಿ ಕೀವು ತುಂಬಿದೆ, ಜ್ವರ ನೂರಾಮೂರು. ಆಟೋ ಹಿಡಿದು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ.

ರೊಟ್ಟಿ ಇಲ್ಲ. ಜೋಳದ ಹಿಟ್ಟು ಡಬ್ಬಿಯಲ್ಲಿದೆ, ನೀವೇ ಬಡಿದುಕೊಳ್ಳಿ. ಬಾರದಿದ್ದರೆ ಹಲಸೂರು ಮಾರ್ಕೆಟ್ ಹತ್ತಿರದ ಖಾನಾವಳಿಗೆ ಹೋಗಿ.

ಸೋಮವಾರ ಡ್ರೆಸ್ಸಿಂಗಿಗೆ ಹೋದಾಗ ಡಾಕ್ಟರು, “ಶುಗರ್ ಇರೋರಿಗೆ ಗಾಯ ಬೇಗ ಕೆಡುತ್ತೆ, ಜ್ವರ ಏನಾದ್ರೂ ಬಂತಾ?” ಎಂದು ಕೇಳಿದ್ದು ಅಮ್ಮನನ್ನು. ಉತ್ತರ ಕೊಟ್ಟವರು ನೀವು: “ಏನೂ ಇಲ್ರೀ ಮೇಡಂ, ಕಲ್ಲಿನಂಗ ಗಟ್ಟಿ ಅದಾಳ!” ಆಗಲೇ ಎರಡು ದಿನದಿಂದ ಅವಳ ಮೈ ಸುಡುತ್ತಿತ್ತು. ಹೊರಗೆ ಬಂದ ಮೇಲೆ ನನಗೆ ಹೇಳಿದಿರಿ, “ಮತ್ತ ಅಡ್ಮಿಟ್ ಮಾಡ್ಕೊಂಡ್ರ ರೊಟ್ಟಿ ಯಾರ್ ಬಡೀಬೇಕವ್ವಾ?”

ನೀವು ಅವಳ ಗಂಡ, ಗಂಟಲಲ್ಲ.

ಈಗ ಹೊರಡುವಾಗ ನಗಿಸೋಣವೆಂದು ಡಾಕ್ಟರ ದನಿ ಮಾಡಿ ಕೇಳಿದೆ, “ಜ್ವರ ಇದೆಯೇನಮ್ಮಾ?” ಅಮ್ಮ ನಗಲಿಲ್ಲ. ಬಾಯಿ ತೆರೆಯುವ ಮೊದಲು ನಿಮ್ಮ ಖಾಲಿ ಕುರ್ಚಿಯ ಕಡೆ ನೋಡಿದಳು.

ಅದಕ್ಕೇ ಹೇಳುತ್ತಿದ್ದೇನೆ, ಆಸ್ಪತ್ರೆಗೆ ಬರಬೇಡಿ.

ಗೌತಮಿ